ಪ್ರೌಢಶಾಲೆಗಳಲ್ಲಿ ವಿದ್ಯಾರ್ಥಿ ಸಂಘಗಳು ಮತ್ತು ಸೇವಾ ಚಟುವಟಿಕೆಗಳು (ಉಡುಪಿ ಜಿಲ್ಲೆ)

ಪ್ರೌಢಶಾಲೆಯ ವಿದ್ಯಾರ್ಥಿ ಸಂಘ ಎಂದರೆ ಎಂಟರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳು, ಒಬ್ಬ ಶಿಕ್ಷಕರ ಮಾರ್ಗದರ್ಶನದಲ್ಲಿ, ಪಾಠಪಟ್ಟಿಯ ಜೊತೆಗೆ ನಡೆಸಿಕೊಂಡು ಬರುವ ಕೂಟ. ಸಾಹಿತ್ಯ ಸಂಘ, ವಿಜ್ಞಾನ ಸಂಘ, ಇಕೋ ಕ್ಲಬ್, ಸ್ಕೌಟ್ಸ್ ಮತ್ತು ಗೈಡ್ಸ್, ಭಾರತ ಸೇವಾದಳ, ರೆಡ್ ಕ್ರಾಸ್ ಘಟಕ, ಇಂಟರ್‍ಯಾಕ್ಟ್ ಕ್ಲಬ್, ಶಾಲಾ ಸಂಸತ್ತು ಮೊದಲಾದವು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಶಾಲೆಯೊಳಗೇ ಹುಟ್ಟಿ ಶಾಲೆಯೊಳಗೇ ಮುಗಿಯುತ್ತವೆ. ಇನ್ನು ಕೆಲವು ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಸಂಸ್ಥೆಗಳ ಶಾಖೆಗಳು. ಈ ಲೇಖನವು ಉಡುಪಿ ಜಿಲ್ಲೆಯ ಪೆರ್ಡೂರು, ಹಿರಿಯಡ್ಕ, ಹೆಬ್ರಿ ಮುಂತಾದ ಗ್ರಾಮೀಣ ಪ್ರದೇಶವನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು, ಇಂಥ ಸಂಘಗಳ ಹಿನ್ನೆಲೆ, ಕಾರ್ಯವಿಧಾನ ಹಾಗೂ ಮಿತಿಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಭಾರತದ ಶಾಲೆಗಳಲ್ಲಿ ಸಂಘಟಿತ ಸೇವಾ ಚಟುವಟಿಕೆಯ ಮೊದಲ ರೂಪ ಸ್ಕೌಟಿಂಗ್. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಶಿಬಿರವೊಂದನ್ನು ನಡೆಸಿದ ಎರಡೇ ವರ್ಷಗಳಲ್ಲಿ, ಅಂದರೆ 1909ರಲ್ಲಿ, ಈ ಚಳವಳಿ ಬೆಂಗಳೂರಿಗೆ ಬಂದಿತು. ಆದರೆ ಅಂದು ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ ಮೀಸಲಾಗಿತ್ತು. ಭಾರತೀಯ ಮಕ್ಕಳಿಗೆ ಪ್ರವೇಶವಿಲ್ಲದ ಈ ವ್ಯವಸ್ಥೆಯನ್ನು ಒಪ್ಪದೆ ಅನಿಬೆಸೆಂಟರು 1916ರಲ್ಲಿ ಭಾರತೀಯ ಬಾಲಕರಿಗಾಗಿಯೇ ಬೇರೆ ಸ್ಕೌಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ದೇಶದ ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದಾಗಿ 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಅಸ್ತಿತ್ವಕ್ಕೆ ಬಂದಿತು. ಗೈಡ್ಸ್ ವಿಭಾಗವು ಮರುವರ್ಷ ಅದರೊಂದಿಗೆ ಸೇರಿತು.

ಕರ್ನಾಟಕದ ಮಟ್ಟಿಗೆ ಇದರ ಪಕ್ಕದಲ್ಲೇ ಹರಿದ ಇನ್ನೊಂದು ಧಾರೆ ಸೇವಾದಳದ್ದು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿ ಸೇವಾ ಮಂಡಲದ ಸ್ವಯಂಸೇವಕರು ಕ್ಷಮಾಪಣೆ ಕೇಳಲು ನಿರಾಕರಿಸಿ ಸೆರೆಮನೆಯ ಕಷ್ಟವನ್ನು ಪೂರ್ಣವಾಗಿ ಅನುಭವಿಸಿದರು. ಅವರ ಶಿಸ್ತು ದೇಶದ ಗಮನ ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಡಾ. ನಾ. ಸು. ಹರ್ಡೀಕರರ ನೇತೃತ್ವದಲ್ಲಿ ಹಿಂದೂಸ್ಥಾನಿ ಸೇವಾದಳ ರೂಪುಗೊಂಡಿತು. ಅದರ ಮಹಿಳಾ ವಿಭಾಗವನ್ನು ಮುನ್ನಡೆಸಿದ ಉಮಾಬಾಯಿ ಕುಂದಾಪುರ ಅವರು ಹುಟ್ಟಿದ್ದು ಕರಾವಳಿಯ ಮಂಗಳೂರಿನಲ್ಲಿ. ಹರ್ಡೀಕರರ ಪರಂಪರೆಯಲ್ಲಿ ಬೆಳೆದ ಭಾರತ ಸೇವಾದಳವು ಇಂದಿಗೂ ಕರ್ನಾಟಕದ ಶಾಲೆಗಳಲ್ಲಿ ರಾಷ್ಟ್ರಧ್ವಜದ ನಿಯಮ, ಕವಾಯತು, ಸಾಮೂಹಿಕ ಗಾಯನ ಮತ್ತು ಶ್ರಮದಾನವನ್ನು ಕಲಿಸುತ್ತದೆ. ಸ್ವಾತಂತ್ರ್ಯ ದಿನದಂದು ಧ್ವಜವನ್ನು ಮಡಚಿ ಕಟ್ಟುವ, ಹೂವಿನ ಎಸಳು ಉದುರುವಂತೆ ಬಿಚ್ಚುವ ಕೆಲಸವನ್ನು ಅನೇಕ ಊರುಗಳಲ್ಲಿ ಸೇವಾದಳದಲ್ಲಿ ಕಲಿತವರೇ ಮಾಡುತ್ತಾರೆ.

1948ರಲ್ಲಿ ರಾಷ್ಟ್ರೀಯ ಕೆಡೆಟ್ ಕೋರ್ (ಎನ್‌ಸಿಸಿ) ಆರಂಭವಾಯಿತು. 1952–53ರ ಮುದಲಿಯಾರ್ ಆಯೋಗವು ಸಹಪಠ್ಯ ಚಟುವಟಿಕೆಗಳನ್ನು ಪ್ರೌಢ ಶಿಕ್ಷಣದ ಅಂಗವೆಂದು ಪರಿಗಣಿಸಿತು. 1964–66ರ ಕೊಠಾರಿ ಆಯೋಗವು ಸಮಾಜಸೇವೆ ಎಲ್ಲ ಹಂತದ ಶಿಕ್ಷಣದಲ್ಲೂ ಇರಬೇಕೆಂದು ಸೂಚಿಸಿತು. 1969ರ ಸೆಪ್ಟೆಂಬರ್ 24ರಂದು ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಮೊದಲು ವಿಶ್ವವಿದ್ಯಾನಿಲಯಗಳಿಗೆ ಸೀಮಿತವಾಗಿದ್ದು, ಮುಂದೆ ಪದವಿಪೂರ್ವ ಹಂತಕ್ಕೂ ವಿಸ್ತರಿಸಿತು. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ಒಂದೇ ಆವರಣದಲ್ಲಿರುವ ಊರುಗಳಲ್ಲಿ ಪ್ರೌಢಶಾಲೆಯ ಮಕ್ಕಳು ಈ ಯೋಜನೆಯ ಏಳು ದಿನಗಳ ವಿಶೇಷ ಶಿಬಿರಗಳನ್ನು ಹತ್ತಿರದಿಂದ ನೋಡುತ್ತಾರೆ.

ಪ್ರದೇಶದ ಸ್ವರೂಪ

ಪೆರ್ಡೂರು ಉಡುಪಿಯಿಂದ ಮಣಿಪಾಲ, ಹಿರಿಯಡ್ಕಗಳ ಮೂಲಕ ಹೆಬ್ರಿ ಮತ್ತು ಆಗುಂಬೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿದೆ. ಇಲ್ಲಿನ ಅನಂತಪದ್ಮನಾಭ ದೇವಾಲಯವು ಬಾಳೆಹಣ್ಣಿನ ಸೇವೆಗೆ ಪ್ರಸಿದ್ಧ. ಅದೇ ದೇವರ ಹೆಸರಿನ ಪೆರ್ಡೂರು ಮೇಳವು ಬಡಗುತಿಟ್ಟಿನ ಹೆಸರಾಂತ ಯಕ್ಷಗಾನ ಮೇಳಗಳಲ್ಲೊಂದು. ಗದ್ದೆ, ಅಡಿಕೆ ತೋಟ, ಹಾಡಿ, ಮುರಕಲ್ಲಿನ ಗುಡ್ಡಗಳ ನಡುವೆ ಮನೆಗಳು ಚದುರಿಕೊಂಡಿರುವುದರಿಂದ ಮಕ್ಕಳು ಶಾಲೆಗೆ ದೂರದಿಂದ ಬರುತ್ತಾರೆ. ಮನೆಮಾತು ತುಳು, ಕೊಂಕಣಿ, ಕುಂದಗನ್ನಡ ಅಥವಾ ಬ್ಯಾರಿ ಆಗಿರಬಹುದು. ಸಂಘದ ಸಭೆ ಮಾತ್ರ ಶಿಷ್ಟ ಕನ್ನಡದಲ್ಲಿ ನಡೆಯುತ್ತದೆ. ಮನೆಯಲ್ಲಿ ತುಳುವಿನಲ್ಲಿ ಹರಟುವ ಬಾಲಕಿ ‘ಅಧ್ಯಕ್ಷರ ಅಪ್ಪಣೆ ಪಡೆದು’ ಮಾತನಾಡಲು ಕಲಿಯುವುದು ಬಹುಮಟ್ಟಿಗೆ ಸಾಹಿತ್ಯ ಸಂಘದ ವೇದಿಕೆಯಲ್ಲಿಯೇ.

ಬಸ್ಸಿನ ವೇಳೆಯೂ ಇಲ್ಲಿ ಒಂದು ನಿಯಮವಿದ್ದಂತೆ. ಸಂಜೆ ಶಾಲೆ ಬಿಟ್ಟ ಮೇಲಿನ ಬಸ್ಸು ತಪ್ಪಿದರೆ ಒಳದಾರಿಯ ಮಕ್ಕಳಿಗೆ ಮನೆ ಸೇರುವುದು ಕಷ್ಟ. ಆದ್ದರಿಂದ ಗ್ರಾಮೀಣ ಶಾಲೆಗಳಲ್ಲಿ ಸಂಘದ ಕೆಲಸಕ್ಕೆ ದೊರೆಯುವ ಸಮಯವೆಂದರೆ ಮಧ್ಯಾಹ್ನದ ಊಟದ ಅನಂತರದ ಅರ್ಧ ಗಂಟೆ, ಶನಿವಾರದ ಕವಾಯತಿನ ಅವಧಿ ಮತ್ತು ವಾರ್ಷಿಕೋತ್ಸವದ ಮೊದಲಿನ ಕೆಲವು ವಾರಗಳು.

ಸಂಘಗಳ ಬಗೆಗಳು

ಶಾಲಾ ಸಂಸತ್ತು ಬಹುತೇಕ ಎಲ್ಲ ಶಾಲೆಗಳಲ್ಲೂ ಇದೆ. ಜೂನ್ ಅಥವಾ ಜುಲೈ ತಿಂಗಳಲ್ಲಿ ನಾಮಪತ್ರ, ಹಿಂತೆಗೆತ, ಪ್ರಚಾರ, ಗುಪ್ತ ಮತದಾನ, ಬೆರಳಿಗೆ ಶಾಯಿ, ಎಣಿಕೆ, ಪ್ರಮಾಣವಚನ ಎಲ್ಲವೂ ಕ್ರಮವಾಗಿ ನಡೆದು ಶಾಲಾ ನಾಯಕ ಅಥವಾ ನಾಯಕಿ ಹಾಗೂ ಮಂತ್ರಿಮಂಡಲ ಆಯ್ಕೆಯಾಗುತ್ತದೆ. ಶಿಕ್ಷಣ, ಆರೋಗ್ಯ, ಕ್ರೀಡೆ, ಸಾಂಸ್ಕೃತಿಕ, ಆಹಾರ, ನೀರಾವರಿ ಎಂದು ಖಾತೆಗಳು ಹಂಚಿಕೆಯಾಗುತ್ತವೆ. ವಿರೋಧ ಪಕ್ಷದ ನಾಯಕನೂ ಇರುತ್ತಾನೆ. ನೀರಾವರಿ ಮಂತ್ರಿಯ ಖಾತೆ ಕೇಳಲು ದೊಡ್ಡದು. ಕೆಲಸ ತೋಟಕ್ಕೆ ನೀರು ಹಾಯಿಸುವುದು. ಆದರೂ ಬೇಸಗೆಯಲ್ಲಿ ಒಂದು ವಾರ ಆ ಮಂತ್ರಿ ಮರೆತರೆ ಬಾಳೆಯ ಕಂದುಗಳು ಬಾಡುತ್ತವೆ. ಖಾತೆಯ ಹೊಣೆ ಎಂಬುದು ಮಕ್ಕಳಿಗೆ ಅರ್ಥವಾಗುವುದು ಆಗ. ಇದಕ್ಕೆ ಪೂರಕವಾಗಿ, 2018ರ ಜನವರಿ 25ರ ರಾಷ್ಟ್ರೀಯ ಮತದಾರರ ದಿನದಂದು ಚುನಾವಣಾ ಆಯೋಗವು ಚುನಾವಣಾ ಸಾಕ್ಷರತಾ ಕ್ಲಬ್‌ಗಳಿಗೆ ಚಾಲನೆ ನೀಡಿತು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರು ಇದರ ಸದಸ್ಯರು.

ಸ್ಕೌಟ್ ಮತ್ತು ಗೈಡ್ ದಳಗಳು ಹತ್ತರಿಂದ ಹದಿನೇಳು ವರ್ಷದವರಿಗಾಗಿ ಇವೆ. ದಳವನ್ನು ಆರರಿಂದ ಎಂಟು ಮಕ್ಕಳ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮಕ್ಕಳಲ್ಲೇ ಒಬ್ಬರನ್ನು ನಾಯಕರನ್ನಾಗಿ ಮಾಡಲಾಗುತ್ತದೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನಗಳನ್ನು ದಾಟಿದವರು ರಾಜ್ಯ ಪುರಸ್ಕಾರ, ಅನಂತರ ರಾಷ್ಟ್ರಪತಿ ಪುರಸ್ಕಾರದ ಪರೀಕ್ಷೆಗೆ ಅರ್ಹರಾಗುತ್ತಾರೆ. ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ದಿಕ್ಕು ಗುರುತಿಸುವುದು, ಬಯಲಿನಲ್ಲಿ ಅಡುಗೆ ಮಾಡುವುದು ಇದರ ಪಾಠಗಳು. ಕೊರಳಿನ ಸ್ಕಾರ್ಫ್ ಅಲಂಕಾರಕ್ಕಾಗಿ ಇರುವುದಲ್ಲ. ಕೈ ಮುರಿದವರಿಗೆ ಜೋಲಿಯಾಗಿ, ಗಾಯಕ್ಕೆ ಪಟ್ಟಿಯಾಗಿ ಬಳಸಲೆಂದೇ ಅದಕ್ಕೆ ಆ ತ್ರಿಕೋನಾಕಾರ. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯು ಕರಾವಳಿಯ ಮಕ್ಕಳಿಗೆ ಹೊರನಾಡು, ಹೊರದೇಶಗಳ ಸ್ಕೌಟ್‌ಗಳನ್ನು ಕಾಣುವ ಅವಕಾಶ ನೀಡಿತು.

ಎನ್‌ಸಿಸಿಯ ಕಿರಿಯ ವಿಭಾಗ ಎರಡು ವರ್ಷಗಳ ತರಬೇತಿ ನೀಡಿ ‘ಎ’ ಪ್ರಮಾಣಪತ್ರದ ಪರೀಕ್ಷೆ ನಡೆಸುತ್ತದೆ. ಆದರೆ ಘಟಕಗಳ ಸಂಖ್ಯೆಗೆ ಮಿತಿಯಿರುವುದರಿಂದ ಇದು ಎಲ್ಲ ಶಾಲೆಗಳಿಗೂ ತಲಪಿಲ್ಲ. ಕೇರಳದಲ್ಲಿ 2010ರಲ್ಲಿ ಆರಂಭವಾದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆಯು 2018ರಲ್ಲಿ ರಾಷ್ಟ್ರಮಟ್ಟಕ್ಕೆ ಬಂದು ಎಂಟು ಮತ್ತು ಒಂಬತ್ತನೆಯ ತರಗತಿಯವರನ್ನು ಒಳಗೊಳ್ಳುತ್ತದೆ.

ಸೇವಾ ಸಂಸ್ಥೆಗಳ ಕಿರಿಯ ಘಟಕಗಳಲ್ಲಿ ಇಂಟರ್‍ಯಾಕ್ಟ್ ಕ್ಲಬ್ ಮುಖ್ಯವಾದುದು. ರೋಟರಿಯ ಆಶ್ರಯದಲ್ಲಿ ಮೊದಲ ಇಂಟರ್‍ಯಾಕ್ಟ್ ಕ್ಲಬ್ 1962ರ ನವೆಂಬರ್ 5ರಂದು ಅಮೆರಿಕದ ಫ್ಲಾರಿಡಾದ ಮೆಲ್ಬೋರ್ನ್ ಪ್ರೌಢಶಾಲೆಯಲ್ಲಿ ಪ್ರಾರಂಭವಾಯಿತು. ಎರಡನೆಯದು ಭಾರತದ ತಂಜಾವೂರಿನಲ್ಲಿ ಎಂಬುದು ಗಮನಾರ್ಹ. ಹನ್ನೆರಡರಿಂದ ಹದಿನೆಂಟು ವರ್ಷದ ಮಕ್ಕಳು ಸದಸ್ಯರು. ವರ್ಷಕ್ಕೆ ಕನಿಷ್ಠ ಎರಡು ಕಾರ್ಯಯೋಜನೆಗಳು ಕಡ್ಡಾಯ: ಒಂದು ಶಾಲೆಗೆ ಅಥವಾ ಊರಿಗೆ ಉಪಯುಕ್ತವಾದುದು, ಇನ್ನೊಂದು ಬೇರೆ ದೇಶಗಳ ಬಗ್ಗೆ ತಿಳಿವಳಿಕೆ ಬೆಳೆಸುವಂಥದು. ಉಡುಪಿ ಜಿಲ್ಲೆಯು ರೋಟರಿ 3182ನೆಯ ಜಿಲ್ಲೆಗೆ ಸೇರಿದೆ. ಲಯನ್ಸ್ ಸಂಸ್ಥೆಯ ಲಿಯೋ ಕ್ಲಬ್ ಇದೇ ಬಗೆಯದು. ಅದು 1957ರಲ್ಲಿ ಪೆನ್ಸಿಲ್ವೇನಿಯಾದ ಶಾಲೆಯೊಂದರಲ್ಲಿ ಹುಟ್ಟಿತು. ಜೂನಿಯರ್ ರೆಡ್ ಕ್ರಾಸ್ ಘಟಕಗಳು ಆರೋಗ್ಯ, ಸೇವೆ, ಸ್ನೇಹ ಎಂಬ ಮೂರು ಗುರಿಗಳನ್ನು ಇರಿಸಿಕೊಂಡಿವೆ.

ವಿಜ್ಞಾನ ಸಂಘಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಮತ್ತು 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಒತ್ತಾಸೆಯಾಗಿವೆ. ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸಬೇಕು. ಇಕೋ ಕ್ಲಬ್‌ಗಳು 2001–02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಭಾಗವಾಗಿ ಬಂದವು.

ಉಡುಪಿಗೆ ವಿಶಿಷ್ಟವಾದುದು ಯಕ್ಷಗಾನದ ಗುಂಪು. ಯಕ್ಷಶಿಕ್ಷಣ ಟ್ರಸ್ಟ್ ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಇಲ್ಲಿನ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಹೆಜ್ಜೆ, ತಾಳ, ಅರ್ಥಗಾರಿಕೆಗಳನ್ನು ಕಲಿಸುತ್ತಿದ್ದು, ವರ್ಷಾಂತ್ಯದಲ್ಲಿ ಶಾಲೆಗಳ ಪ್ರದರ್ಶನಗಳು ‘ಕಿಶೋರ ಯಕ್ಷಗಾನ ಸಂಭ್ರಮ’ವೆಂಬ ಹೆಸರಿನಲ್ಲಿ ನಡೆಯುತ್ತವೆ. ಬಹುಕಾಲ ಗಂಡಸರ ರಂಗವೆನಿಸಿದ್ದ ಕಲೆಯಲ್ಲಿ ಇಂದು ಹುಡುಗಿಯರು ಗೆಜ್ಜೆ ಕಟ್ಟಿ ವೀರವೇಷ ಮಾಡುವುದು ಸಾಮಾನ್ಯ ದೃಶ್ಯವಾಗಿದ್ದರೆ, ಅದರಲ್ಲಿ ಈ ಶಾಲಾ ತರಗತಿಗಳ ಪಾಲು ದೊಡ್ಡದು.

ಸಂಘವು ನಡೆಯುವ ರೀತಿ

ಸಂಘದ ಬೆನ್ನೆಲುಬು ನಡಾವಳಿ ಪುಸ್ತಕ. ಕಾರ್ಯದರ್ಶಿಯಾದ ವಿದ್ಯಾರ್ಥಿ ಸಭೆಯ ದಿನಾಂಕ, ಹಾಜರಾದವರ ಸಹಿ, ಚರ್ಚೆಯ ವಿಷಯ, ನಿರ್ಣಯ, ಯಾರು ಯಾವ ಕೆಲಸ ಒಪ್ಪಿಕೊಂಡರು ಎಂಬುದನ್ನು ಅದರಲ್ಲಿ ಬರೆಯುತ್ತಾನೆ. ಮುಂದಿನ ಸಭೆ ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದರಿಂದ ಪ್ರಾರಂಭವಾಗುತ್ತದೆ. ಮೊದಲ ಸಲ ಬರೆಯುವ ಮಗು ‘ಎಲ್ಲರೂ ಚೆನ್ನಾಗಿ ಮಾತನಾಡಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬಿಡಿಸಿ ಬರೆಯಲು ಕೆಲವು ತಿಂಗಳು ಬೇಕು. ಹಾಲು ಉತ್ಪಾದಕರ ಸಂಘ, ಸ್ವಸಹಾಯ ಗುಂಪು, ಗ್ರಾಮ ಪಂಚಾಯತಿ, ಯುವಕ ಮಂಡಲ, ಭಜನಾ ಮಂಡಳಿ ಯಾವುದೇ ಇರಲಿ, ದೊಡ್ಡವರಾದ ಮೇಲೆ ಇದೇ ಮಕ್ಕಳು ಇಂಥದೇ ಪುಸ್ತಕದ ಮುಂದೆ ಕುಳಿತುಕೊಳ್ಳುತ್ತಾರೆ.

ಲೆಕ್ಕಪತ್ರವೂ ಅಷ್ಟೇ ಮುಖ್ಯ. ಹತ್ತು ರೂಪಾಯಿಯ ಸದಸ್ಯತ್ವವಾದರೂ ರಶೀದಿ ಕೊಡಬೇಕು; ಬೀಜ, ಬಣ್ಣದ ಕಾಗದ, ಬ್ಯಾಂಡೇಜ್ ಕೊಂಡಾಗ ಬಿಲ್ಲು ಇಟ್ಟುಕೊಳ್ಳಬೇಕು; ವರ್ಷದ ಕೊನೆಗೆ ಜಮಾ ಖರ್ಚನ್ನು ಸಭೆಯ ಮುಂದೆ ಓದಬೇಕು. ಅನುದಾನವನ್ನು ಸರಕಾರ ನೀಡಿದಾಗ ಲೆಕ್ಕವನ್ನು ಶಿಕ್ಷಕರೇ ಬರೆದುಬಿಡುವುದು ರೂಢಿ. ಹಾಗೆ ಮಾಡುವುದರಿಂದ ಕಡತ ಅಚ್ಚುಕಟ್ಟಾಗಿರುತ್ತದೆಯೇ ಹೊರತು ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.

ಸಾಹಿತ್ಯ ಸಂಘದ ಹಳೆಯ ಉತ್ಪನ್ನ ಕೈಬರಹದ ಪತ್ರಿಕೆ. ಅಕ್ಷರ ದುಂಡಾಗಿರುವವರು ಲೇಖನಗಳನ್ನು ನಕಲು ಮಾಡುತ್ತಾರೆ, ಚಿತ್ರ ಬರೆಯುವವರು ಮುಖಪುಟ ಮಾಡುತ್ತಾರೆ, ಒಂದೇ ಪ್ರತಿ ತರಗತಿಯಿಂದ ತರಗತಿಗೆ ಹೋಗುತ್ತದೆ. ಈಗ ಕೆಲವು ಶಾಲೆಗಳಲ್ಲಿ ಇದು ಗೋಡೆಪತ್ರಿಕೆಯಾಗಿದೆ, ಇನ್ನು ಕೆಲವೆಡೆ ಮುದ್ರಿತ ವಾರ್ಷಿಕ ಸಂಚಿಕೆಯಾಗಿದೆ. ಮುದ್ರಣಕ್ಕೆ ಹಣ ಬೇಕಾದಾಗ ನೆರವಾಗುವುದು ಹಳೆವಿದ್ಯಾರ್ಥಿ ಸಂಘ. ಮುಂಬಯಿಗೆ ಹೋಗಿ ಹೋಟೆಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದ ಕರಾವಳಿಗರು ತಾವು ಓದಿದ ಶಾಲೆಯನ್ನು ಮರೆತದ್ದು ಕಡಿಮೆ. ಶಾಲೆಯ ರಂಗಮಂದಿರದ ಗೋಡೆಯ ಮೇಲಿನ ದಾನಿಗಳ ಹೆಸರುಗಳನ್ನು ಓದಿದರೆ ಇದು ತಿಳಿಯುತ್ತದೆ.

ಸೇವಾ ಚಟುವಟಿಕೆಗಳು

ಜುಲೈ ತಿಂಗಳ ವನಮಹೋತ್ಸವ ಅತ್ಯಂತ ಪರಿಚಿತ ಕಾರ್ಯಕ್ರಮ. ಇದನ್ನು 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಷಿ ಅವರು ಆರಂಭಿಸಿದರು. ಕರಾವಳಿಯ ಮಳೆಯಲ್ಲಿ ಗಿಡ ನೆಡುವುದು ಸುಲಭ. ನೆಟ್ಟ ಗಿಡ ಮುಂದಿನ ಏಪ್ರಿಲ್ ದಾಟುವುದು ಕಷ್ಟ, ಏಕೆಂದರೆ ಆಗ ಶಾಲೆಗೆ ರಜೆ. ಶಾಲೆಯ ಸಮೀಪದ ಮನೆಗಳ ಮಕ್ಕಳಿಗೆ ಗಿಡಗಳನ್ನು ಹೆಸರು ಬರೆದು ವಹಿಸಿಕೊಡುವ ಇಕೋ ಕ್ಲಬ್‌ಗಳಲ್ಲಿ ಮಾತ್ರ ಎರಡನೆಯ ವರ್ಷ ಅದೇ ಗುಂಡಿಯಲ್ಲಿ ಮತ್ತೆ ಗಿಡ ನೆಡಬೇಕಾಗಿ ಬರುವುದಿಲ್ಲ.

ನೀರಿನ ಕೆಲಸಕ್ಕೆ ಈ ಪ್ರದೇಶದಲ್ಲಿ ವಿಶೇಷ ಅರ್ಥವಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಗೆಯ ಕೊನೆಗೆ ಬಾವಿಗಳು ಬತ್ತುತ್ತವೆ. ಮುರಕಲ್ಲಿನ ಇಳಿಜಾರು ಗುಡ್ಡಗಳು ನೀರನ್ನು ಹಿಡಿದಿಡದೆ ಸಮುದ್ರಕ್ಕೆ ಬಿಟ್ಟುಕೊಡುವುದೇ ಕಾರಣ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ‘ಕಟ್ಟ’. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಅಡ್ಡಗಟ್ಟಿ ನೀರು ನಿಲ್ಲಿಸಿದರೆ ಸುತ್ತಲಿನ ಬಾವಿಗಳ ಮಟ್ಟ ಏರುತ್ತದೆ. ಮುಂದಿನ ಮಳೆಗಾಲಕ್ಕೆ ಮುನ್ನ ಕಟ್ಟವನ್ನು ಬಿಚ್ಚಲಾಗುತ್ತದೆ. ಕಾಸರಗೋಡಿನ ಏತಡ್ಕ ಇಂಥ ಕಟ್ಟಗಳಿಗೆ ಹೆಸರಾಗಿದೆ. ಅಲ್ಲಿಯೇ ಸಮೀಪದ ಶ್ರೀಪಡ್ರೆಯವರ ಬರಹಗಳು ಈ ಜ್ಞಾನವನ್ನು ನಾಡಿಗೆ ಪರಿಚಯಿಸಿದವು. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಇಂದು ವಿದ್ಯಾರ್ಥಿಗಳು ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಕಟ್ಟ ಕಟ್ಟುವ ಶ್ರಮದಾನಗಳಲ್ಲಿ ಪಾಲ್ಗೊಳ್ಳುತ್ತಾರೆ. ಒಂದು ದಿನದ ಕೆಲಸದ ಫಲವನ್ನು ಒಂದೆರಡು ವಾರಗಳಲ್ಲಿ ಬಾವಿಯ ಹಗ್ಗದ ಉದ್ದದಿಂದಲೇ ಅಳೆಯಬಹುದು ಎಂಬುದು ಇದರ ವಿಶೇಷ. ಬೇರೆ ಸೇವಾ ಕಾರ್ಯಗಳಲ್ಲಿ ಹೀಗೆ ಕಣ್ಣಿಗೆ ಕಾಣುವ ಫಲ ಅಪರೂಪ.

ಗದ್ದೆಗಿಳಿದು ನೇಜಿ ನೆಡುವುದು, ಹಡಿಲು ಬಿದ್ದ ಗದ್ದೆಗಳ ಸಾಗುವಳಿಯಲ್ಲಿ ಕೈಜೋಡಿಸುವುದು, ‘ಆಟಿಡೊಂಜಿ ದಿನ’ದಂದು ಮನೆಯಿಂದ ತಿಮರೆ ಚಟ್ನಿ, ಪತ್ರೊಡೆ ತಂದು ಹಂಚಿಕೊಳ್ಳುವುದು ಇತ್ತೀಚಿನ ವರ್ಷಗಳಲ್ಲಿ ಸೇರಿಕೊಂಡ ಚಟುವಟಿಕೆಗಳು. ಜಾತ್ರೆ, ರಥೋತ್ಸವಗಳಲ್ಲಿ ಸ್ಕೌಟ್ ಮತ್ತು ಗೈಡ್‌ಗಳು ಕುಡಿಯುವ ನೀರು, ಚಪ್ಪಲಿ ಕಾಯುವಿಕೆ, ದಾರಿ ತೋರುವಿಕೆಯ ಕೆಲಸ ಮಾಡುತ್ತಾರೆ. ರಕ್ತದಾನಕ್ಕೆ ಕನಿಷ್ಠ ವಯಸ್ಸು 18 ಆದುದರಿಂದ ಪ್ರೌಢಶಾಲೆಯ ಮಕ್ಕಳು ದಾನಿಗಳಾಗಲಾರರು. ಆದರೆ ಶಿಬಿರದ ಮಾಹಿತಿಯನ್ನು ಮನೆಮನೆಗೆ ತಲಪಿಸಿ ಹೆತ್ತವರನ್ನು ಕರೆತರುವುದು ರೆಡ್ ಕ್ರಾಸ್ ಘಟಕದ ಮಕ್ಕಳಿಂದ ಸಾಧ್ಯವಾಗುತ್ತದೆ.

ಮಕ್ಕಳ ಗ್ರಾಮಸಭೆ

ಸೇವೆಯೆಂದರೆ ಪೊರಕೆ, ಹಾರೆ ಹಿಡಿಯುವುದಷ್ಟೇ ಅಲ್ಲ, ಊರಿನ ಕೊರತೆಯನ್ನು ಹೇಳಬೇಕಾದವರಿಗೆ ಹೇಳುವುದೂ ಸೇವೆಯೇ. ಈ ವಿಚಾರದಲ್ಲಿ ಉಡುಪಿ ಜಿಲ್ಲೆಗೆ ಮೊದಲಿನಿಂದಲೂ ಒಂದು ಸ್ಥಾನವಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಕಡೆ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯು ಮಕ್ಕಳ ಪಂಚಾಯತಿಗಳನ್ನು ರೂಪಿಸಿತು. ಮಕ್ಕಳು ತಮ್ಮ ವಾರ್ಡುಗಳ ಸಮೀಕ್ಷೆ ಮಾಡಿ, ಅಂಕಿ ಅಂಶಗಳೊಂದಿಗೆ ಪಂಚಾಯತಿಯ ಮುಂದೆ ಬೇಡಿಕೆ ಇಟ್ಟರು. ಮುಂದೆ ರಾಜ್ಯ ಸರಕಾರವು ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು.

ಇಂಥ ಸಭೆಗಳಲ್ಲಿ ಮಕ್ಕಳು ಕೇಳುವುದು ಬಸ್ ನಿಲುಗಡೆ, ಶೌಚಾಲಯ, ಆಟದ ಬಯಲು, ಬೀದಿನಾಯಿಗಳ ಹಾವಳಿಗೆ ಪರಿಹಾರ, ಮತ್ತು ಮಳೆನಾಡಿನ ಅಂಚಿನ ಹಳ್ಳಿಗಳಲ್ಲಿ ಕಾಲುಸಂಕ. ತೋಡಿಗೆ ಅಡ್ಡಲಾಗಿ ಹಾಕಿದ ಅಡಿಕೆ ಮರದ ಕಾಂಡ ಅಥವಾ ಕಿರಿದಾದ ಹಲಗೆಯೇ ಕಾಲುಸಂಕ. ಮಳೆಗಾಲದಲ್ಲಿ ನೀರು ಅದರ ಮಟ್ಟಕ್ಕೇ ಬರುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಆ ಅನಂತರ ಜಿಲ್ಲೆಯ ಕಾಲುಸಂಕಗಳ ಸ್ಥಿತಿ ಎಲ್ಲರ ಗಮನಕ್ಕೆ ಬಂದಿತು. ಯಾವ ಸಂಕದ ಮೇಲೆ ಎಷ್ಟು ಮಕ್ಕಳು ದಿನವೂ ನಡೆಯುತ್ತಾರೆ, ಯಾವುದು ಯಾವ ತಿಂಗಳಲ್ಲಿ ಮುಳುಗುತ್ತದೆ ಎಂಬುದು ಆ ದಾರಿಯಲ್ಲಿ ನಡೆಯುವ ಮಕ್ಕಳಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಶಾಲೆಯ ಸಂಘವೊಂದು ಈ ಮಾಹಿತಿಯನ್ನು ನಕ್ಷೆಯ ಸಹಿತ ಬರೆದು ಗ್ರಾಮಸಭೆಗೆ ಕೊಟ್ಟರೆ ಅದು ದಾಖಲೆಯಾಗುತ್ತದೆ, ಉತ್ತರ ಕೊಡಬೇಕಾದ ಹೊಣೆ ಪಂಚಾಯತಿಯ ಮೇಲೆ ಬೀಳುತ್ತದೆ. ಹಿಂದಿನ ವರ್ಷದ ಬೇಡಿಕೆಗಳು ಏನಾದವು ಎಂದು ಮರುವರ್ಷದ ಸಭೆಯಲ್ಲಿ ಕೇಳುವಲ್ಲಿ ನಡಾವಳಿ ಪುಸ್ತಕದ ಅಭ್ಯಾಸ ಮತ್ತೆ ಕೆಲಸಕ್ಕೆ ಬರುತ್ತದೆ.

ತೊಡಕುಗಳು

ಮೊದಲ ತೊಡಕು ಸಂಘಗಳ ಸಂಖ್ಯೆಯೇ. ಒಂದೊಂದು ಇಲಾಖೆ, ಒಂದೊಂದು ಸಂಸ್ಥೆ ತನ್ನದೊಂದು ಕ್ಲಬ್ಬನ್ನು ಶಾಲೆಯಲ್ಲಿ ತೆರೆಯಬೇಕೆಂದು ಬಯಸುತ್ತದೆ. ನೂರೈವತ್ತು ಮಕ್ಕಳಿರುವ ಶಾಲೆಯಲ್ಲಿ ಎಂಟು ಹತ್ತು ಸಂಘಗಳಾದಾಗ ಅದೇ ಇಪ್ಪತ್ತು ಚುರುಕಾದ ಮಕ್ಕಳ ಹೆಸರು ಎಲ್ಲ ಪಟ್ಟಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಉಳಿದವರು ಚಪ್ಪಾಳೆ ತಟ್ಟುವವರಾಗಿ ಉಳಿಯುತ್ತಾರೆ. ಉದ್ಘಾಟನೆಯ ಛಾಯಾಚಿತ್ರ ಮತ್ತು ವರ್ಷಾಂತ್ಯದ ವರದಿ ಇವೆರಡರ ನಡುವೆ ಏನೂ ನಡೆಯದ ‘ಕಡತದ ಸಂಘ’ಗಳು ಹುಟ್ಟುವುದು ಹೀಗೆ. ಸಂಘಗಳನ್ನು ಮೂರು ನಾಲ್ಕಕ್ಕೆ ಇಳಿಸಿ, ಪ್ರತಿ ಮಗುವೂ ಒಂದರಲ್ಲಿ ಮಾತ್ರ ಇರಬೇಕೆಂಬ ಕಟ್ಟಳೆ ಮಾಡಿಕೊಂಡರೆ ಹಿಂದಿನ ಬೆಂಚಿನವರಿಗೂ ಸರದಿ ಬರುತ್ತದೆ.

ಎರಡನೆಯದು ಪರೀಕ್ಷೆಯ ಒತ್ತಡ. ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆಯು ರಾಜ್ಯದ ಮುಂಚೂಣಿಯಲ್ಲಿರುವುದು ವಾಡಿಕೆ, 2024ರಲ್ಲಿ ಶೇ. 94 ಫಲಿತಾಂಶದೊಂದಿಗೆ ಮೊದಲ ಸ್ಥಾನ ಪಡೆಯಿತು. ಈ ಹೆಗ್ಗಳಿಕೆಯನ್ನು ಉಳಿಸಿಕೊಳ್ಳಲು ಹತ್ತನೆಯ ತರಗತಿಯವರನ್ನು ಎಲ್ಲ ಸಂಘಗಳಿಂದ ಬಿಡಿಸಿ ವಿಶೇಷ ತರಗತಿಗಳಲ್ಲಿ ಕೂರಿಸುವುದು ಸಾಮಾನ್ಯವಾಗಿದೆ. ಎರಡು ವರ್ಷ ಕಲಿತು ಕಿರಿಯರಿಗೆ ಕಲಿಸಬಲ್ಲ ಹಂತಕ್ಕೆ ಬಂದವರು ಹೊರಟುಹೋಗುವುದರಿಂದ ಸಂಘ ಪ್ರತಿವರ್ಷ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಇತ್ತೀಚೆಗೆ ಬಂದ ‘ಸಂಭ್ರಮ ಶನಿವಾರ’ದಂಥ ಬ್ಯಾಗ್ ರಹಿತ ದಿನಗಳು ಸ್ವಲ್ಪ ಅವಕಾಶವನ್ನು ಮರಳಿ ಕೊಟ್ಟಿವೆ.

ಸಮವಸ್ತ್ರದ ಖರ್ಚು ಮೂರನೆಯದು. ಸ್ಕೌಟ್ ಸಮವಸ್ತ್ರ, ಬೆಲ್ಟು, ಶೂ, ಟೋಪಿ, ಶಿಬಿರದ ಶುಲ್ಕ ಎಲ್ಲ ಸೇರಿದರೆ ಕೂಲಿ ಕೆಲಸದವರ ಮಕ್ಕಳು ಸೇರಲು ಹಿಂಜರಿಯುತ್ತಾರೆ, ಕಾರಣವನ್ನು ಹೇಳಿಕೊಳ್ಳುವುದೂ ಇಲ್ಲ. ಶಾಲೆಯಲ್ಲೇ ಹಳೆಯ ಸಮವಸ್ತ್ರಗಳನ್ನು ಒಗೆದು, ಅಳತೆಯ ಪ್ರಕಾರ ಜೋಡಿಸಿಟ್ಟು, ಎಲ್ಲ ಮಕ್ಕಳಿಗೂ ಅದರಿಂದಲೇ ಕೊಡುವ ಪದ್ಧತಿ ಈ ಸಂಕೋಚವನ್ನು ತಪ್ಪಿಸುತ್ತದೆ.

ಕೊನೆಯದಾಗಿ, ಸೇವೆಗೂ ದುಡಿಸಿಕೊಳ್ಳುವುದಕ್ಕೂ ನಡುವಿನ ಗೆರೆ. ತಮ್ಮ ತರಗತಿಯನ್ನು ಸರದಿಯಂತೆ ಎಲ್ಲರೂ ಗುಡಿಸುವುದು ಶಿಕ್ಷಣವೇ ಹೌದು. ಅದನ್ನು ಹುಡುಗಿಯರಿಗೆ ಮಾತ್ರ, ಅಥವಾ ಕೆಲವು ಜಾತಿಗಳ ಮಕ್ಕಳಿಗೆ ಮಾತ್ರ, ಅಥವಾ ಶಿಕ್ಷೆಯಾಗಿ ಹೇಳಿದಾಗ ಅದು ಅವಮಾನವಾಗುತ್ತದೆ. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆಯು 2023ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಸುತ್ತೋಲೆ ಹೊರಡಿಸಿದೆ. ತೋಡು, ಕೆರೆ, ಹೆದ್ದಾರಿಗಳ ಬಳಿಯ ಶ್ರಮದಾನಕ್ಕೆ ಹೆತ್ತವರ ಲಿಖಿತ ಒಪ್ಪಿಗೆ, ಜೊತೆಯಲ್ಲಿ ಶಿಕ್ಷಕರು ಮತ್ತು ಈಜು ಬಲ್ಲ ಹಿರಿಯರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು. ಮಳೆಯ ಎಚ್ಚರಿಕೆ ಇರುವ ದಿನ ಕಾರ್ಯಕ್ರಮವನ್ನು ಮುಂದೂಡಬೇಕು.